ಬಿಯಾಂಕಾನಾ, ಫ್ಲೋರಾನಾ? ಗೇಮಿನೊಳಗೆ ನಡೆದ ಮದುವೆಗಳ ಕಥೆ

ಭಾಗ 1

ಹೋದ ವಾರ ಸ್ಟೋರಿಯಲ್ಲಿ ಒಂದು ಪ್ರಶ್ನೆ ಹಾಕಿದ್ದೆ: ಗೇಮ್ ಒಳಗೆ ಯಾರನ್ನಾದ್ರೂ ಮದುವೆ ಆಗಿದ್ದೀರಾ? ಉತ್ತರಕ್ಕಿಂತ ನಗುವ ಇಮೋಜಿಗಳೇ ಜಾಸ್ತಿ ಬಂದವು. ಆದ್ರೆ ಯಾರಿಗೂ ಕಾಣದ ಹಾಗೆ ಮೆಸೇಜ್‌ನಲ್ಲಿ ಉದ್ದುದ್ದ ಬರೆದವರೂ ಇದ್ದಾರೆ. ಒಬ್ಬರು ತುಂಬ ಹಳೇ ಸೇವ್ ಫೈಲ್ ಒಂದನ್ನ ಇನ್ನೂ ಅಳಿಸಿಲ್ವಂತೆ. ಯಾಕೆ ಅಂದ್ರೆ ಅಲ್ಲಿ "ಮನೆಯವರು ಕಾಯ್ತಾ ಇರ್ತಾರೆ" ಅಂತೆ. ಅದನ್ನ ಓದಿದ ಮೇಲೆ ನನಗೆ ನಗು ಬರಲಿಲ್ಲ. ಅದಕ್ಕೇ ಈ ಸರಣಿ. ಉದ್ದ ಇದೆ, ಸೇವ್ ಮಾಡಿಟ್ಟುಕೊಂಡು ಬಸ್ಸಿನಲ್ಲಿ ಓದಿ.

ಮೊದಲೇ ಒಂದು ಮಾತು. ಇದು "ಟಾಪ್ 10 ಗೇಮ್ ಹೆಂಡತಿಯರು" ಥರದ ಪೋಸ್ಟ್ ಅಲ್ಲ. ನಾನು ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರ: ಗೇಮ್ ಮಾಡುವವರು ಮದುವೆ ಅನ್ನೋದನ್ನ ಒಂದು "ನಿಯಮ" ಮಾಡೋಕೆ ಹೊರಟಾಗ, ಆ ನಿಯಮದೊಳಗೆ ಏನೇನು ಉಳೀತು, ಏನೇನು ಬಿಟ್ಟುಹೋಯ್ತು?

ಶುರು ಮಾಡೋಣ 1990ರಿಂದ. ಸೆಗಾ ಕಂಪನಿಯ ಫ್ಯಾಂಟಸಿ ಸ್ಟಾರ್ 3 ಜಪಾನಿನಲ್ಲಿ ಬಂದ ವರ್ಷ. ಗೇಮ್ ತೆರೆಯೋದೇ ಮದುವೆ ದಿನ. ರಾಜಕುಮಾರ ರೀಸ್, ವಧು ಮಾಯಾ. ಎರಡು ತಿಂಗಳ ಹಿಂದೆ ಕಡಲತೀರದಲ್ಲಿ ಸಿಕ್ಕಿದ ಹುಡುಗಿ, ತಾನ್ಯಾರು ಅನ್ನೋದೇ ಅವಳಿಗೆ ನೆನಪಿಲ್ಲ. ಮದುವೆ ಮಂಟಪಕ್ಕೇ ರೆಕ್ಕೆಯ ರಾಕ್ಷಸ ಒಂದು ನುಗ್ಗಿ ಅವಳನ್ನ ಎತ್ತಿಕೊಂಡು ಹೋಗುತ್ತೆ. ಹುಡುಕಿಕೊಂಡು ಹೊರಟ ರೀಸ್‌ಗೆ ದಾರಿಯಲ್ಲಿ ಲೀನಾ ಅನ್ನೋ ಇನ್ನೊಬ್ಬ ರಾಜಕುಮಾರಿ ಸಹಾಯ ಮಾಡ್ತಾಳೆ. ಕೊನೆಗೆ ಆಟಗಾರ ಇಬ್ಬರಲ್ಲಿ ಒಬ್ಬಳನ್ನ ಆರಿಸಬೇಕು.

ಇಲ್ಲಿ ಸ್ವಾರಸ್ಯ ಏನಪ್ಪಾ ಅಂದ್ರೆ, ರೀಸ್ ಒಂದು ಕುಲದವನು, ಮಾಯಾ ಅವರ ಶತ್ರು ಕುಲದವಳು. ಅವಳ ಕಡೆಯವರಿಗೆ ಮಂತ್ರವಿದ್ಯೆ ಬರುತ್ತೆ, ಇವನ ಕಡೆಯವರಿಗೆ ಬರಲ್ಲ. ಯಾರನ್ನ ಮದುವೆ ಆಗ್ತೀರೋ ಅದರ ಮೇಲೆ ಮಗ ಬೇರೆ, ಮಗನ ಕೈಗೆ ಬರುವ ವಿದ್ಯೆಯೂ ಬೇರೆ. ಮುಂದಿನ ತಲೆಮಾರಿನ ಆಟ ಆ ಮಗನದ್ದು. ಅವನೂ ಮದುವೆ ಆಗ್ತಾನೆ, ಆಮೇಲೆ ಮೊಮ್ಮಗ. ಮೂರು ತಲೆಮಾರು, ನಾಲ್ಕು ಬೇರೆ ಬೇರೆ ಮುಕ್ತಾಯ.

ಐಡಿಯಾ ಭರ್ಜರಿ. ಆದ್ರೆ ಮದುವೆ ಆದ ತಕ್ಷಣ ಪರದೆ ಮುಂದಿನ ತಲೆಮಾರಿಗೆ ಹಾರುತ್ತೆ. ಸಂಸಾರ ಅನ್ನೋದೇ ಇಲ್ಲ. ಹೆಂಡತಿ ಅಂದ್ರೆ ವಂಶವೃಕ್ಷದಲ್ಲಿ ಒಂದು ಗೆರೆ, ಅಷ್ಟೇ. ನಮ್ಮ ಹಿಸ್ಟರಿ ಪುಸ್ತಕದಲ್ಲಿ ರಾಜರ ವಂಶಾವಳಿ ಬರೆದಿರ್ತಾರಲ್ಲ, ರಾಣಿ ಹೆಸರೇ ಇರಲ್ಲ, ಹಾಗೆ.

ಭಾಗ 2

ಈಗ ನಿಜವಾದ ವಿಷಯಕ್ಕೆ ಬರ್ತೀನಿ. 27 ಸೆಪ್ಟೆಂಬರ್ 1992. ಜಪಾನಿನಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ಡ್ರ್ಯಾಗನ್ ಕ್ವೆಸ್ಟ್ 5 ಬಿಡುಗಡೆ. ಕಥೆ ಯೂಜಿ ಹೋರಿಯದು, ಪಾತ್ರಗಳನ್ನ ಬಿಡಿಸಿದ್ದು ಅಕಿರಾ ತೋರಿಯಾಮ. ಹೌದು, ಡ್ರ್ಯಾಗನ್ ಬಾಲ್‌ನ ತೋರಿಯಾಮ.

ನಾಯಕ ಚಿಕ್ಕ ಹುಡುಗ. ಅಪ್ಪನ ಜೊತೆ ಊರೂರು ಸುತ್ತುತ್ತಾನೆ. ಒಂದು ಊರಲ್ಲಿ ಇಬ್ಬರು ಹುಡುಗರು ಬೆಕ್ಕಿನಂಥ ಒಂದು ಮರಿಯನ್ನ ಹಿಂಸೆ ಮಾಡ್ತಾ ಇರ್ತಾರೆ. ಬಿಡಿಸಬೇಕು ಅಂದ್ರೆ ಭೂತದ ಕೋಟೆಗೆ ಹೋಗಿ ಬನ್ನಿ ಅಂತ ಪಂಥ ಕಟ್ತಾರೆ. ನಾಯಕನಿಗಿಂತ ಸ್ವಲ್ಪ ದೊಡ್ಡವಳಾದ ಬಿಯಾಂಕಾ ಅನ್ನೋ ಹುಡುಗಿ "ನಡಿ ಹೋಗೋಣ" ಅಂತ ರಾತ್ರೋರಾತ್ರಿ ಹೊರಡಿಸ್ತಾಳೆ. ಇಬ್ಬರೂ ಗೆದ್ದು ಬರ್ತಾರೆ. ಬೇರೆಯಾಗೋವಾಗ ಅವಳು ಆ ಮರಿಗೆ ಅಂತ ತನ್ನ ರಿಬ್ಬನ್ ಕೊಡ್ತಾಳೆ.

ಆಮೇಲೆ ಅಪ್ಪನನ್ನ ಹುಡುಗನ ಕಣ್ಣೆದುರೇ ಕೊಲ್ತಾರೆ. ಹುಡುಗ ಹತ್ತು ವರ್ಷ ಗುಲಾಮ. ತಪ್ಪಿಸಿಕೊಂಡು ಬಂದಾಗ ಪ್ರಾಯದ ಯುವಕ. ಆ ಮರಿ ಈಗ ದೊಡ್ಡ ಕಾಡುಮೃಗ, ಇವನ ಮೇಲೇ ಎರಗುತ್ತೆ. ಆ ರಿಬ್ಬನ್ ತೋರಿಸಿದಾಗ ಗುರುತು ಹಿಡಿಯುತ್ತೆ. ನೋಡಿ, ಬಿಯಾಂಕಾ ಅಲ್ಲಿ ಇಲ್ಲ, ಅವಳ ಒಂದು ತುಂಡು ಬಟ್ಟೆ ಇದೆ. ಇಷ್ಟು ಸಾಕು, ಆಟಗಾರನ ಮನಸ್ಸಲ್ಲಿ ಅವಳು ಕೂತಾಯ್ತು.

ಇನ್ನೊಂದು ಕಡೆ ಸಾಲಬೋನಾ ಅನ್ನೋ ಪಟ್ಟಣದ ಸಾಹುಕಾರ ಲುಡ್‌ಮನ್. ಅವನ ಮನೆತನದಲ್ಲಿ ಒಂದು ಗುರಾಣಿ ಇದೆ. ಲೋಕ ಉಳಿಸೋ ವೀರನಿಗೆ ಅದು ಬೇಕೇ ಬೇಕು. ಆದ್ರೆ ಅದು ಹೋಗೋದು ಅವನ ಅಳಿಯನಿಗೆ ಮಾತ್ರ. ಮಗಳು ಫ್ಲೋರಾ. (ಇಂಗ್ಲಿಷ್ ಆವೃತ್ತಿಯಲ್ಲಿ ಆಡಿದವರಿಗೆ ಇವಳ ಹೆಸರು ನೆರಾ.) ಅಂದ್ರೆ ನಾಯಕ ಮೊದಲು ಮದುವೆಗೆ ನಿಂತಿದ್ದೇ ಗುರಾಣಿ ಆಸೆಗೆ. ವರದಕ್ಷಿಣೆ ಅನ್ನಿ ಬೇಕಾದ್ರೆ, ಗೇಮ್ ಆ ಪದ ಬಳಸಲ್ಲ ಅಷ್ಟೇ. ಷರತ್ತು ಎರಡು ಉಂಗುರ, ಒಂದು ಬೆಂಕಿಯದ್ದು, ಒಂದು ನೀರಿನದ್ದು. ಫ್ಲೋರಾಳನ್ನ ಚಿಕ್ಕಂದಿನಿಂದ ಪ್ರೀತಿಸೋ ಆಂಡಿ ಅನ್ನೋ ಹುಡುಗ ಬೆಂಕಿಯ ಉಂಗುರ ತರೋಕೆ ಹೋಗಿ ಮೈ ಸುಟ್ಟುಕೊಂಡು ಮಲಗ್ತಾನೆ. ನೀರಿನ ಉಂಗುರ ಹುಡುಕೋ ದಾರಿಯಲ್ಲಿ ಬೆಟ್ಟದ ಹಳ್ಳಿಯೊಂದರಲ್ಲಿ ಯಾರು ಸಿಗ್ತಾರೆ ಹೇಳಿ? ಬಿಯಾಂಕಾ. ಅಮ್ಮ ತೀರಿಕೊಂಡಿದ್ದಾರೆ, ಕಾಯಿಲೆಯ ಅಪ್ಪನನ್ನ ನೋಡಿಕೊಂಡು ಒಬ್ಬಳೇ ಇದ್ದಾಳೆ. ನೀನು ಇನ್ನೊಬ್ಬಳನ್ನ ಮದುವೆ ಆಗೋಕೆ ಬೇಕಾದ ಉಂಗುರ ಹುಡುಕಿಕೊಡೋಕೆ ಅವಳೇ ಜೊತೆಗೆ ಬರ್ತಾಳೆ.

ಈ ಒಂದು ಸಾಲನ್ನ ಎರಡು ಸಲ ಓದಿ.

ಭಾಗ 3

ಉಂಗುರ ತಂದ ಮೇಲೆ ಬಾಯಿ ಬಿಡೋದು ಫ್ಲೋರಾ. ಇವರಿಗೆ ನಿಮ್ಮ ಮೇಲೆ ಮನಸ್ಸಿದೆಯೇನೋ ಅಂತ. ಅಪ್ಪ ಹೇಳ್ತಾನೆ, ಒಂದು ರಾತ್ರಿ ಯೋಚನೆ ಮಾಡು, ಬೆಳಗ್ಗೆ ಉತ್ತರ ಕೊಡು. ಆ ರಾತ್ರಿ ಆಟದಲ್ಲಿ ಮಾಡೋಕೆ ಕೆಲಸ ಏನೂ ಇಲ್ಲ. ಯುದ್ಧ ಇಲ್ಲ, ಗುಹೆ ಇಲ್ಲ. ಊರಲ್ಲಿ ಸುಮ್ಮನೆ ನಡೀಬಹುದು. ಫ್ಲೋರಾ ಮಲಗಿದ್ದಾಳೆ. ಬಿಯಾಂಕಾಗೆ ನಿದ್ದೆ ಬಂದಿಲ್ಲ. ನನ್ನ ಬಗ್ಗೆ ಚಿಂತೆ ಬೇಡ, ಹೋಗಿ ಮಲಗು ಅನ್ನೋ ಧಾಟಿಯಲ್ಲಿ ಮಾತಾಡ್ತಾಳೆ.

ಬೆಳಗ್ಗೆ ಆರಿಸಬೇಕು. ತಪ್ಪು ಉತ್ತರ ಇಲ್ಲ. ಇಬ್ಬರಲ್ಲಿ ಯಾರನ್ನ ಆರಿಸಿದ್ರೂ ಮುಂದೆ ಅವಳಿ ಮಕ್ಕಳು ಹುಟ್ತಾರೆ. ನಾಯಕ ಜೀವನಪೂರ್ತಿ ಹುಡುಕ್ತಾ ಇದ್ದ ಆ "ವೀರ" ತಾನಲ್ಲ, ತನ್ನ ಮಗ ಅಂತ ಆಗ ಗೊತ್ತಾಗುತ್ತೆ. ಬಿಯಾಂಕಾ ತಾಯಿಯಾದ್ರೆ ಮಕ್ಕಳಿಗೆ ಹೊಂಬಣ್ಣದ ಕೂದಲು, ಫ್ಲೋರಾ ಆದ್ರೆ ನೀಲಿ. ಬಿಯಾಂಕಾಳನ್ನ ಆರಿಸಿದ್ರೂ ಲುಡ್‌ಮನ್ ಮುನಿಸಿಕೊಳ್ಳಲ್ಲ. ತಾನೇ ನಿಂತು ಮದುವೆ ಮಾಡಿಸ್ತಾನೆ, ಗುರಾಣಿಯನ್ನೂ ಕೊಡ್ತಾನೆ. ಒಳ್ಳೇ ಮನುಷ್ಯ.

ಹಾಗಾದ್ರೆ ಜಪಾನಿನಲ್ಲಿ ಇವತ್ತಿಗೂ "ನೀನು ಬಿಯಾಂಕಾ ಪಕ್ಷವೋ ಫ್ಲೋರಾ ಪಕ್ಷವೋ" ಅನ್ನೋ ಜಗಳ ಯಾಕೆ ನಿಂತಿಲ್ಲ? ನನ್ನ ಅನಿಸಿಕೆ ಹೇಳ್ತೀನಿ. ಬಿಯಾಂಕಾಳನ್ನ ಮದುವೆ ಆದ್ರೆ ಫ್ಲೋರಾ ಮುಂದೆ ಆಂಡಿಯನ್ನ ಮದುವೆ ಆಗ್ತಾಳೆ, ಸುಖವಾಗಿರ್ತಾಳೆ. ಫ್ಲೋರಾಳನ್ನ ಮದುವೆ ಆದ್ರೆ? ಬಿಯಾಂಕಾ ಅದೇ ಬೆಟ್ಟದ ಹಳ್ಳಿಗೆ ವಾಪಸ್ ಹೋಗ್ತಾಳೆ. ಅಲ್ಲೇ ಇರ್ತಾಳೆ, ಅಪ್ಪನ ಜೊತೆ, ಮದುವೆ ಆಗದೆ. ನೀವು ಬೇಕಾದಾಗ ಹೋಗಿ ಮಾತಾಡಿಸಬಹುದು. ಹೆಚ್ಚಿನ ಗೇಮ್‌ಗಳಲ್ಲಿ ನೀವು ಬಿಟ್ಟ ದಾರಿ ಮಾಯ ಆಗುತ್ತೆ. ಇಲ್ಲಿ ಅದು ಭೂಪಟದ ಮೇಲೆ ಒಂದು ಊರಾಗಿ ಉಳಿದಿದೆ. ಈ ಸರಣಿಯಲ್ಲಿ ಬರೋ ಯಾವ ಗೇಮೂ ಇದನ್ನ ಮೀರಿಸಿಲ್ಲ ಅಂತ ನಾನು ಹೇಳೋದು ಇದಕ್ಕೇ. ಒಪ್ಪದವರು ಕಾಮೆಂಟ್‌ನಲ್ಲಿ ಬನ್ನಿ, ನೋಡೋಣ.

ಮದುವೆ ಆದ ಮೇಲೂ ಕಥೆ ನಿಲ್ಲಲ್ಲ. ಹೆಂಡತಿ ಪಕ್ಕದಲ್ಲಿ ನಿಂತು ಯುದ್ಧ ಮಾಡ್ತಾಳೆ. ಪ್ರಯಾಣದ ಮಧ್ಯೆ ತಲೆಸುತ್ತಿ ಬೀಳ್ತಾಳೆ, ಆಗ ಗರ್ಭಿಣಿ ಅಂತ ತಿಳಿಯುತ್ತೆ. ಹೆರಿಗೆ ಆಗ್ತಿದ್ದ ಹಾಗೆ ಅವಳನ್ನ ಅಪಹರಿಸ್ತಾರೆ. ಹುಡುಕಿ ಹೋದ ನಾಯಕ ಮತ್ತು ಅವಳು ಇಬ್ಬರೂ ಕಲ್ಲಾಗ್ತಾರೆ. ನಾಯಕನ ಕಲ್ಲನ್ನ ಮಾರಿಬಿಡ್ತಾರೆ, ಒಬ್ಬ ಸಿರಿವಂತನ ಮನೆಯ ಅಂಗಳದಲ್ಲಿ ಅಲಂಕಾರಕ್ಕೆ ನಿಲ್ಲಿಸ್ತಾರೆ. ಎಂಟು ವರ್ಷ. ಋತುಗಳು ಬದಲಾಗೋದನ್ನ ನೀವು ನೋಡ್ತಾ ಇರ್ತೀರಿ, ಒಂದು ಬಟನ್ ಒತ್ತೋಕೂ ಆಗಲ್ಲ. ಕೊನೆಗೆ ಬಂದು ಬಿಡಿಸೋದು ನೀವು ಎತ್ತಿ ಆಡಿಸದ ನಿಮ್ಮ ಮಕ್ಕಳು. ಹೆಂಡತಿ ಸಿಗೋದು ಇನ್ನೂ ತಡವಾಗಿ. ಅಂದ್ರೆ ಗೇಮ್ ಚರಿತ್ರೆಯ ಅತಿ ಹೆಸರುವಾಸಿ ಮದುವೆಯಲ್ಲಿ ಗಂಡ ಹೆಂಡತಿ ಜೊತೆಗಿದ್ದದ್ದಕ್ಕಿಂತ ಅಗಲಿ ಇದ್ದದ್ದೇ ಜಾಸ್ತಿ!

2004ರ ಪ್ಲೇಸ್ಟೇಷನ್ 2 ಆವೃತ್ತಿಯಲ್ಲಿ ಒಂದು ಚಿಕ್ಕ ಸೌಲಭ್ಯ ಸೇರಿಸಿದ್ರು. ಊರಿನವರ ಜೊತೆ ಮಾತಾಡಿದ ಮೇಲೆ ತಿರುಗಿ ಜೊತೆಗಾರರ ಹತ್ರ "ನಿಂಗೇನನ್ಸುತ್ತೆ?" ಅಂತ ಕೇಳಬಹುದು. ಹೆಂಡತಿಗೆ ಅಭಿಪ್ರಾಯ ಬಂತು. ಹನ್ನೆರಡು ವರ್ಷ ಬೇಕಾಯ್ತು, ಇರಲಿ.

ಭಾಗ 4

ಇದು ಚಿಕ್ಕ ಪೋಸ್ಟ್.

1996ರ ಫೈರ್ ಎಂಬ್ಲಮ್: ಜೀನಿಯಾಲಜಿ ಆಫ್ ದ ಹೋಲಿ ವಾರ್. ಶೋಜೋ ಕಾಗಾ ಅವರ ಗೇಮ್. ಫ್ಯಾಂಟಸಿ ಸ್ಟಾರ್‌ನ ವಂಶಾವಳಿ ಯೋಚನೆಯನ್ನ ಯುದ್ಧಭೂಮಿಗೆ ತಂದಿದ್ದು. ಸೈನಿಕರನ್ನ ಪಕ್ಕಪಕ್ಕ ನಿಲ್ಲಿಸಿದ್ರೆ ಪ್ರೀತಿ ಬೆಳೆಯುತ್ತೆ, ಜೋಡಿ ಆಗುತ್ತೆ. ಗೇಮಿನ ಅರ್ಧದಲ್ಲಿ ಆ ಇಡೀ ಪೀಳಿಗೆಯನ್ನ ಮೋಸದಿಂದ ಸುಟ್ಟು ಹಾಕ್ತಾರೆ. ವರ್ಷಗಳಾದ ಮೇಲೆ ಅವರ ಮಕ್ಕಳು ಕತ್ತಿ ಹಿಡಿದು ಬರ್ತಾರೆ. ಅಪ್ಪ ಅಮ್ಮನ ಶಕ್ತಿ, ಆಯುಧ ಎಲ್ಲ ಮಕ್ಕಳಿಗೆ. ಹಾಗಾಗಿ ಆಟಗಾರರು ಏನು ಮಾಡಿದ್ರು? ಯಾರಿಗೆ ಯಾರನ್ನ ಕಟ್ಟಿದ್ರೆ ಯಾವ ಥರ ಮಗು ಅಂತ ಪಟ್ಟಿ ಹಾಕಿದ್ರು. ಜಾತಕ ಕೂಡಿಸೋ ಜೋಯಿಸರಿಗೂ ಇಷ್ಟು ಲೆಕ್ಕ ಇರಲ್ಲ. ಪ್ರೀತಿ ಅಂತ ಶುರುವಾಗಿದ್ದು ತಳಿ ಸುಧಾರಣೆ ಆಗಿಹೋಯ್ತು. 2012ರ ಫೈರ್ ಎಂಬ್ಲಮ್ ಅವೇಕನಿಂಗ್‌ನಲ್ಲೂ ಅದೇ ಲೆಕ್ಕ, ಸ್ವಲ್ಪ ಸಿಹಿ ಹಚ್ಚಿ.

ಭಾಗ 5

ಅಮೆರಿಕದ ಕಡೆ ಹೋಗೋಣ. 1998, ಫಾಲ್‌ಔಟ್ 2. ಇದು ರಾಜರಾಣಿ ಲೋಕ ಅಲ್ಲ, ಅಣುಯುದ್ಧ ಮುಗಿದ ಮೇಲಿನ ಮರುಭೂಮಿ. ಆದ್ರೂ ಈ ಚರಿತ್ರೆಯಲ್ಲಿ ಇದಕ್ಕೆ ಜಾಗ ಕೊಡಲೇಬೇಕು. ಮೋಡಾಕ್ ಅನ್ನೋ ಊರಲ್ಲಿ ಕಟುಕನ ಮಗಳು ಮಿರಿಯಾ, ಮಗ ಡೇವಿನ್. ಇಬ್ಬರಲ್ಲಿ ಯಾರ ಜೊತೆ ರಾತ್ರಿ ಕಳೆದ್ರೂ ಅಪ್ಪ ಬಂದೂಕು ಹಿಡಿದು ಬಾಗಿಲಲ್ಲಿ ನಿಂತಿರ್ತಾನೆ. ಈಗಲೇ ಮದುವೆ ಆಗು, ಇಲ್ಲಾಂದ್ರೆ ಗುಂಡು. ನಿಮ್ಮ ಪಾತ್ರ ಗಂಡೋ ಹೆಣ್ಣೋ ಅಂತ ಅಪ್ಪ ನೋಡಲ್ಲ. ಮಗನ ಜೊತೆ ಗಂಡಸು ಸಿಕ್ಕಿಬಿದ್ರೂ ಮದುವೆಯೇ, ಮಗಳ ಜೊತೆ ಹೆಂಗಸು ಸಿಕ್ಕಿಬಿದ್ರೂ ಮದುವೆಯೇ. ವಿಡಿಯೋ ಗೇಮ್‌ನಲ್ಲಿ ಸಲಿಂಗ ಮದುವೆಯ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಲೋಕದಲ್ಲಿ ಮೊದಲ ಬಾರಿಗೆ ಒಂದು ದೇಶ ಅದನ್ನ ಕಾನೂನು ಮಾಡಿದ್ದು ನೆದರ್ಲೆಂಡ್ಸ್, 1 ಏಪ್ರಿಲ್ 2001ರಂದು. ಗೇಮ್ ಎರಡು ವರ್ಷಕ್ಕೂ ಹೆಚ್ಚು ಮುಂದಿತ್ತು.

ಹಾಗಂತ ಚಪ್ಪಾಳೆ ಹೊಡೆಯೋಕೆ ಮುಂಚೆ ಇನ್ನೊಂದು ಭಾಗ ಕೇಳಿ. ಮದುವೆ ಆದ ಮೇಲೆ ಮಿರಿಯಾ ಅಥವಾ ಡೇವಿನ್ ನಿಮ್ಮ ಹಿಂದೆ ಬರ್ತಾರೆ. ಯುದ್ಧದಲ್ಲಿ ನಿಷ್ಪ್ರಯೋಜಕರು, ಎಷ್ಟು ದಿನ ಆದ್ರೂ ಬಲ ಹೆಚ್ಚಲ್ಲ. ಮಾಡಿದವರು ಬೇಕಂತಲೇ ಹಾಗೆ ಮಾಡಿದ ಜೋಕ್ ಅದು: "ಕಟ್ಟಿಕೊಂಡವಳು ಹೊರೆ". ಇಷ್ಟ ಇಲ್ಲಾಂದ್ರೆ ಗುಲಾಮರ ವ್ಯಾಪಾರಿಗೆ ಮಾರಿಬಿಡಬಹುದು. ಹೌದು, ಹೆಂಡತಿಯನ್ನ, ಗಂಡನನ್ನ. ಒಂದೇ ಗೇಮ್, ಒಂದೇ ಮದುವೆ. ಒಂದು ಕಡೆಯಿಂದ ನೋಡಿದ್ರೆ ಕಾಲಕ್ಕಿಂತ ಮುಂದೆ, ಇನ್ನೊಂದು ಕಡೆಯಿಂದ ಊರ ಕಟ್ಟೆಯ ಹಳಸಲು ಜೋಕು.

ಎರಡು ವರ್ಷಕ್ಕೆ, 2000ದಲ್ಲಿ, ಬಾಲ್ಡರ್ಸ್ ಗೇಟ್ 2 ಬಂತು. ಇದರಲ್ಲಿ ತಾಳಿ ಉಂಗುರ ಏನೂ ಇಲ್ಲ, ಆದ್ರೆ ಮಾತಿದೆ. ಜಹೀರಾ ಅನ್ನೋ ಯೋಧೆ. ಗೇಮಿನ ಆರಂಭದಲ್ಲೇ ನೆಲಮಾಳಿಗೆಯಲ್ಲಿ ಅವಳ ಗಂಡ ಖಾಲಿದ್‌ನ ಶವ ಸಿಗುತ್ತೆ. ಹಿಂದಿನ ಗೇಮ್ ಆಡಿದವರಿಗೆ ಆ ಗಂಡ ಹೆಂಡತಿ ಇಬ್ಬರೂ ಪರಿಚಿತರು, ಜೊತೆಗೆ ಊರೂರು ಅಲೆದವರು. ಈಗ ಅವಳು ವಿಧವೆ. ಅವಳ ಪ್ರೀತಿ ಗಳಿಸಬೇಕು ಅಂದ್ರೆ ಅವಳ ದುಃಖದ ಪಕ್ಕ ಕೂರಬೇಕು. ದಿನ ಕಳೆದ ಹಾಗೆ ಅವಳೇ ಮಾತು ತೆಗೀತಾಳೆ. ಒರಟಾಗಿ ಉತ್ತರ ಕೊಟ್ರೆ ಅಲ್ಲಿಗೆ ಮುಗೀತು, ಮತ್ತೆ ಆ ಬಾಗಿಲು ತೆರೆಯಲ್ಲ. "ಬೇಡ" ಅನ್ನೋಕೆ ಬರುವ ಸಂಗಾತಿ ಅವಳು. ಮುಂದಿನ ಪೋಸ್ಟ್ ಓದೋವಾಗ ಇದನ್ನ ನೆನಪಿಟ್ಟುಕೊಳ್ಳಿ.

ಭಾಗ 6

ನಿಮ್ಮಲ್ಲಿ ಹೆಚ್ಚಿನವರು ಕಾಯ್ತಾ ಇದ್ದದ್ದು ಇದಕ್ಕೇ ಅಂತ ಗೊತ್ತು. ಸ್ಕೈರಿಮ್. 11 ನವೆಂಬರ್ 2011.

ವಿಧಾನ ಗೊತ್ತಿಲ್ಲದವರಿಗೆ: ರಿಫ್ಟನ್ ಅನ್ನೋ ಊರಲ್ಲಿ ಮಾರಾ ದೇವಿಯ ಗುಡಿ. ಅಲ್ಲಿನ ಪೂಜಾರಿ ಮಾರಮಾಲ್ ಹತ್ರ 200 ಚಿನ್ನದ ನಾಣ್ಯ ಕೊಟ್ಟು ಒಂದು ಪದಕ ತಗೋಬೇಕು. ಕೊರಳಿಗೆ ಹಾಕ್ಕೊಂಡು, ಮೊದಲೇ ಏನಾದ್ರೂ ಸಹಾಯ ಮಾಡಿಕೊಟ್ಟಿರೋ ವ್ಯಕ್ತಿಯ ಮುಂದೆ ನಿಂತ್ರೆ ಅವರೇ ವಿಷಯ ಎತ್ತುತ್ತಾರೆ. ನಾಲ್ಕು ಸಾಲು ಮಾತು. ಮಾರನೇ ದಿನ ಬೆಳಗಿನಿಂದ ಸಂಜೆಯೊಳಗೆ ಗುಡಿಗೆ ಹೋದ್ರೆ ಮದುವೆ. ಛತ್ರ ಬುಕ್ ಮಾಡೋದಿಲ್ಲ, ಲಗ್ನಪತ್ರಿಕೆ ಇಲ್ಲ, ಊಟದ ಎಲೆ ಲೆಕ್ಕ ಇಲ್ಲ. ತಡವಾಗಿ ಹೋದ್ರೆ ಕ್ಷಮೆ ಕೇಳಿ ಇನ್ನೊಂದು ದಿನ ಇಟ್ಟುಕೊಳ್ಳಬಹುದು.

ಪದಕ ಹಾಕ್ಕೊಂಡಿದ್ದೀನಿ ಅಂದ್ರೆ "ನಾನು ಮದುವೆಗೆ ಸಿದ್ಧ" ಅಂತ ಅರ್ಥ. ನಮ್ಮಲ್ಲಿ ಕೊರಳಲ್ಲಿ ತಾಳಿ ಕಂಡ್ರೆ ಮದುವೆ ಆಗಿದೆ ಅಂತ, ಅಲ್ಲಿ ಉಲ್ಟಾ. ಗಂಡೋ ಹೆಣ್ಣೋ, ಮನುಷ್ಯರೋ ಹಲ್ಲಿ ಜನಾಂಗದ ಆರ್ಗೋನಿಯನ್ನರೋ, ಮಾರಾ ಯಾರನ್ನೂ ಕೇಳಲ್ಲ. ಫಾಲ್‌ಔಟ್‌ನಲ್ಲಿ ಇದ್ದ ಜೋಕ್ ಇಲ್ಲಿ ಇಲ್ಲ, ಯಾರೂ ಹುಬ್ಬೇರಿಸಲ್ಲ. ಮೆಸೇಜ್ ಮಾಡಿದ ಒಬ್ಬರು ಬರೆದಿದ್ರು: ತಾನು ಯಾರು ಅಂತ ಮನೆಯಲ್ಲಿ ಹೇಳೋಕೆ ಧೈರ್ಯ ಬರೋ ಎಷ್ಟೋ ವರ್ಷ ಮುಂಚೆ ಸ್ಕೈರಿಮ್‌ನಲ್ಲಿ ಮದುವೆ ಆಗಿದ್ದೆ, ಪೂಜಾರಿ ಮಂತ್ರ ಹೇಳಿದಾಗ ಕೋಣೆ ಬಾಗಿಲು ಹಾಕ್ಕೊಂಡಿದ್ದೆ ಅಂತ. ನಮ್ಮ ಸುಪ್ರೀಂ ಕೋರ್ಟ್ 377ನೇ ಕಲಮಿನ ವಿಷಯದಲ್ಲಿ ತೀರ್ಪು ಕೊಟ್ಟಿದ್ದು 2018ರಲ್ಲಿ. ಸಲಿಂಗ ಮದುವೆಗೆ ಮಾನ್ಯತೆ ಕೊಡೋಕೆ ಆಗಲ್ಲ ಅಂದಿದ್ದು 2023ರಲ್ಲಿ. ಆ ಗೇಮಿನ ಗುಡಿಯಲ್ಲಿ ಮಾತ್ರ 2011ರಿಂದ ದೀಪ ಉರೀತಾ ಇದೆ. ಯಾರಿಗಾದ್ರೂ "ಬರೀ ಗೇಮ್ ಅಲ್ವಾ" ಅನ್ನೋ ಮುಂಚೆ ಇದನ್ನ ಯೋಚನೆ ಮಾಡಿ.

ಈಗ ಮದುವೆ ಆದ ಮೇಲಿನ ಕಥೆ. ಸಂಗಾತಿ ನಿಮ್ಮ ಮನೆಗೆ ಬರ್ತಾರೆ. ದಿನಕ್ಕೊಂದು ಸಲ ಊಟ ಮಾಡಿಕೊಡ್ತಾರೆ. ಅಂಗಡಿ ಇಡ್ತಾರೆ, ದಿನಕ್ಕೆ 100 ನಾಣ್ಯ ನಿಮ್ಮ ಪಾಲು. ಪಕ್ಕದಲ್ಲಿ ಮಲಗಿ ಎದ್ರೆ ಎಂಟು ಗಂಟೆ ಕಾಲ ವಿದ್ಯೆಗಳನ್ನ 15% ಬೇಗ ಕಲೀತೀರಿ. (ನೀವು ತೋಳಮಾನವ ಆಗಿದ್ರೆ ಈ ಲಾಭ ಇಲ್ಲ, ಯಾರ ಪಕ್ಕ ಮಲಗಿದ್ರೂ.) ಬೇಟೆಗಾರ್ತಿ ಏಲಾ ಆಗಲಿ, ಬರಿಗೈಲಿ ಟ್ರೋಲ್ ಹೊಡೆಯೋ ಥರ ಇರೋ ಫಾರ್ಕಸ್ ಆಗಲಿ, ಮದುವೆ ಆದ ಮರುದಿನ ಎಲ್ಲರೂ ಅಂಗಡಿ ಗಲ್ಲದಲ್ಲಿ ಕೂತವರೇ. ಎಲ್ಲರ ಬಾಯಲ್ಲೂ ಹೆಚ್ಚುಕಮ್ಮಿ ಅದೇ ಮುದ್ದಿನ ಮಾತು. ಇಷ್ಟು ದಿನ ಒಬ್ಬೊಬ್ಬರಿಗೂ ಒಂದೊಂದು ಸ್ವಭಾವ ಇತ್ತಲ್ಲ, ಅದೆಲ್ಲಿ ಹೋಯ್ತು? ಮದುವೆಯ ನಿಯಮ ಎಲ್ಲರಿಗೂ ಒಂದೇ ಅಂತ ಬರೆದಿದ್ರಿಂದ, ಅದರೊಳಗೆ ಹೋದವರೆಲ್ಲ ಒಂದೇ ಆದ್ರು.

ಇದರಲ್ಲಿ ವಿಚ್ಛೇದನ ಇಲ್ಲ. ಒಂದೇ ಸಲ ಮದುವೆ. ಸಂಗಾತಿ ಸತ್ತರೂ ಇನ್ನೊಂದು ಮದುವೆ ಇಲ್ಲ. ಜಗಳ ಇಲ್ಲ, ಮುನಿಸು ಇಲ್ಲ. ಆರು ತಿಂಗಳು ಡ್ರ್ಯಾಗನ್ ಹಿಂದೆ ಅಲೆದು ಬನ್ನಿ, "ಎಲ್ಲಿ ಹೋಗಿದ್ದೆ?" ಅಂತ ಕೇಳೋರಿಲ್ಲ. ಕೇಳದೆ ಇರೋದು ಪ್ರೀತಿಯೋ, ಅಥವಾ ಅಲ್ಲಿ ಯಾರೂ ಇಲ್ಲ ಅನ್ನೋದಕ್ಕೆ ಸಾಕ್ಷಿಯೋ? ಜಹೀರಾಳನ್ನ ನೆನಪಿಸಿಕೊಳ್ಳಿ ಅಂದಿದ್ದು ಇದಕ್ಕೆ.

ಒಂದು ಅಪವಾದ ಇದೆ, ಅದೂ ಬೇಕಂತ ಮಾಡಿದ್ದಲ್ಲ ಅನ್ಸುತ್ತೆ. ರಿಫ್ಟನ್ನಿನ ವೀರನಾರಿ ಮ್ಯೋಲ್. ಅವಳ ಜೀವ ಉಳಿಸಿದ ಏರಿನ್ ಅನ್ನೋ ಗೆಳೆಯ ಸದಾ ಅವಳ ಹಿಂದೆ ಇರ್ತಾನೆ. ಮ್ಯೋಲ್‌ಳನ್ನ ಮದುವೆ ಆದ್ರೆ ಏರಿನ್ ಕೂಡ ನಿಮ್ಮ ಮನೆಗೇ ಬಂದು ಬೀಡು ಬಿಡ್ತಾನೆ. ಊಟದ ಮೇಜಿನಲ್ಲಿ ಕೂತು ನಿಮ್ಮನ್ನೇ ನೋಡ್ತಾನೆ. ಇಡೀ ಸ್ಕೈರಿಮ್‌ನಲ್ಲಿ ನಿಜವಾದ ಸಂಸಾರದ ವಾಸನೆ ಬರೋದು ಆ ಮನೆಯಲ್ಲಿ ಮಾತ್ರ.

2012ರಲ್ಲಿ ಹಾರ್ತ್‌ಫೈರ್ ಅನ್ನೋ ಸೇರ್ಪಡೆ ಬಂತು. ಜಾಗ ತಗೊಂಡು, ಮರ ಕಲ್ಲು ಮೊಳೆ ತಂದು ಮನೆ ಕಟ್ಟಬಹುದು, ಇಬ್ಬರು ಅನಾಥ ಮಕ್ಕಳನ್ನ ದತ್ತು ತಗೋಬಹುದು. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅನ್ನೋ ನಮ್ಮ ಗಾದೆ ಇದೆಯಲ್ಲ, ಆಡಿದವರನ್ನ ಕೇಳಿ: ಸ್ಕೈರಿಮ್‌ನಲ್ಲಿ ಮನೆ ಕಟ್ಟೋದೇ ಕಷ್ಟ. ಮೊಳೆಗೆ ಕಬ್ಬಿಣ ಹುಡುಕಿ ಸಾಕಾಗುತ್ತೆ.

ಭಾಗ 7

ಬೇಗ ಬೇಗ ಎರಡು ಮಾತು.

ಫೇಬಲ್ 2, 2008. ಊರಿನ ಯಾರನ್ನ ಬೇಕಾದ್ರೂ ಕುಣಿದು, ಉಡುಗೊರೆ ಕೊಟ್ಟು, ಉಂಗುರ ತೊಡಿಸಿ ಮದುವೆ ಆಗಬಹುದು. ಇದರ ಸಂಸಾರ ಅಷ್ಟಕ್ಕಷ್ಟೇ. ಆದ್ರೆ ಕೊನೆ ಗಟ್ಟಿ. ಖಳನಾಯಕ ಲೂಸಿಯನ್ ಇಷ್ಟೆಲ್ಲ ಅನಾಹುತಕ್ಕೆ ಇಳಿದಿದ್ದೇ ಸತ್ತ ಹೆಂಡತಿ ಮಗಳನ್ನ ವಾಪಸ್ ತರೋಕೆ. ಅವನು ನಿಮ್ಮ ಕುಟುಂಬವನ್ನೂ ಕೊಂದಿರ್ತಾನೆ. ಅವನು ಸತ್ತ ಮೇಲೆ ನಿಮಗೆ ಒಂದೇ ಒಂದು ವರ. ಆ ಗೋಪುರ ಕಟ್ಟೋಕೆ ಸತ್ತ ಸಾವಿರಾರು ಅಪರಿಚಿತರು ಬದುಕಬೇಕಾ, ನಿಮ್ಮ ಮನೆಯವರು ಮತ್ತು ನಾಯಿ ಬದುಕಬೇಕಾ, ಅಥವಾ ಹತ್ತು ಲಕ್ಷ ಚಿನ್ನದ ನಾಣ್ಯವಾ? ಮನೆಯವರು ಅಂದ್ರೆ ನೀವು ಲೂಸಿಯನ್ ಮಾಡಿದ್ದನ್ನೇ ಮಾಡಿದ ಹಾಗೆ. ಎಷ್ಟೋ ಜನ ನಾಯಿಗೋಸ್ಕರ ಅದನ್ನೇ ಆರಿಸಿದ್ರು, ಪಾಪ ಹೆಂಡತಿ ಹೆಸರೂ ನೆನಪಿರಲಿಲ್ಲ.

ಸ್ಟಾರ್‌ಡ್ಯೂ ವ್ಯಾಲಿ, 2016. ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ ಹೊಲ-ಗದ್ದೆಯ ಗೇಮ್. ಮದುವೆಗೆ ಈಗ 12 ಜನ ಇದ್ದಾರೆ. ಇಲ್ಲಿ ವಿಚ್ಛೇದನ ಉಂಟು, 50,000 ಚಿನ್ನ. ಬಿಟ್ಟುಹೋದವರು ಅದೇ ಊರಲ್ಲಿ ಇರ್ತಾರೆ, ಎದುರು ಸಿಕ್ಕಾಗ ಮುಖ ಕೊಡಲ್ಲ. ಅದು ತಡೆಯೋಕೆ ಆಗಲಿಲ್ವಾ? ಮಾಟಗಾತಿಯ ಗುಡಿಸಲಲ್ಲಿ 30,000 ಕೊಟ್ರೆ ಅವರ ನೆನಪನ್ನೇ ಅಳಿಸಬಹುದು. ಮತ್ತೆ ಹೊಸಬರ ಹಾಗೆ ನಗ್ತಾರೆ. ಅದೇ ಗುಡಿಸಲಲ್ಲಿ ಮಕ್ಕಳನ್ನ ಪಾರಿವಾಳ ಮಾಡಿ ಹಾರಿಸಿಬಿಡೋಕೂ ಒಂದು ಪೀಠ ಇದೆ. ಮುದ್ದುಮುದ್ದು ಗೇಮ್ ಅಂತೀರಲ್ಲ, ಅದರೊಳಗೇ ಇದೂ ಇದೆ.

ಫೈನಲ್ ಫ್ಯಾಂಟಸಿ 14ರಲ್ಲಿ 2014ರ ಕೊನೆಗೆ ಮದುವೆ ಬಂದಾಗ ಎರಡೂ ಕಡೆ ನಿಜವಾದ ಮನುಷ್ಯರು. ಉಂಗುರ ಒತ್ತಿದ್ರೆ ಸಂಗಾತಿ ಇರೋ ಜಾಗಕ್ಕೆ ಹಾರಿ ಹೋಗಬಹುದು. ಅವರು ಆನ್‌ಲೈನ್ ಇದ್ರೆ ಮಾತ್ರ.

ಭಾಗ 8

ಕೊನೆಯದು. ಮತ್ತೆ ಬಿಯಾಂಕಾ. (ಸ್ಪಾಯ್ಲರ್ ಇದೆ, ಸಿನಿಮಾ ನೋಡಬೇಕು ಅನ್ನೋರು ಇಲ್ಲೇ ನಿಲ್ಲಿಸಿ.)

2008ರ ನಿಂಟೆಂಡೊ ಡಿಎಸ್ ಆವೃತ್ತಿಯಲ್ಲಿ ಫ್ಲೋರಾಳ ಅಕ್ಕ ಡೆಬೋರಾ ಅನ್ನೋ ಮೂರನೇ ವಧು ಬಂದಳು. ಕಪ್ಪು ಕೂದಲು, ಗಂಡನನ್ನ ಆಳಿನ ಹಾಗೆ ಮಾತಾಡಿಸೋಳು. ಅವಳ ಪಕ್ಷವೂ ಹುಟ್ಟಿಕೊಂಡಿತು, ಆದ್ರೆ ಹಳೇ ಜಗಳ ಮುಗೀಲಿಲ್ಲ.

2019ರಲ್ಲಿ ಇದೇ ಗೇಮ್ ಅನಿಮೇಷನ್ ಸಿನಿಮಾ ಆಯ್ತು, ಡ್ರ್ಯಾಗನ್ ಕ್ವೆಸ್ಟ್: ಯುವರ್ ಸ್ಟೋರಿ. ನಾಯಕ ಫ್ಲೋರಾಳನ್ನ ಕೇಳ್ತಾನೆ, ಆಮೇಲೆ ಮನಸ್ಸು ಬಿಯಾಂಕಾ ಕಡೆ ಅಂತ ಗೊತ್ತಾಗಿ ಅವಳನ್ನ ಮದುವೆ ಆಗ್ತಾನೆ. ಕೊನೆಯಲ್ಲಿ ಇಡೀ ಕಥೆ ಒಂದು ವರ್ಚುವಲ್ ರಿಯಾಲಿಟಿ ಆಟ, ನಾಯಕ ಅದನ್ನ ಆಡ್ತಾ ಇರೋ ಒಬ್ಬ ಸಾಮಾನ್ಯ ಮನುಷ್ಯ ಅಂತ ಬಯಲಾಗುತ್ತೆ. ಜಪಾನಿನ ಅಭಿಮಾನಿಗಳಿಗೆ ಆ ಕೊನೆ ಕಂಡು ಕೆಂಡದಂಥ ಕೋಪ ಬಂತು. ನನಗೂ ಆ ಕೊನೆ ಇಷ್ಟ ಆಗಲಿಲ್ಲ. ಆದ್ರೆ ಅದರಲ್ಲಿ ಒಂದು ಚಿಕ್ಕ ವಿಷಯ ಇದೆ. ಆಟ ಶುರು ಮಾಡೋ ಮುಂಚೆ ಆ ಮನುಷ್ಯ ಒಂದು ಸೆಟ್ಟಿಂಗ್ ಕೇಳಿಕೊಂಡಿರ್ತಾನೆ. ಚಿಕ್ಕಂದಿನಿಂದ ಪ್ರತಿ ಸಲ ಬಿಯಾಂಕಾಳನ್ನೇ ಆರಿಸಿದ್ದೀನಿ, ಈ ಸಲವಾದ್ರೂ ಫ್ಲೋರಾಳನ್ನ ಆರಿಸೋ ಹಾಗೆ ನನ್ನ ಮನಸ್ಸಿಗೆ ಸೂಚನೆ ತುಂಬಿಸಿ ಅಂತ. ದುಡ್ಡು ಕೊಟ್ಟು, ಯಂತ್ರ ಹಾಕಿಸಿಕೊಂಡು ಒಳಗೆ ಹೋಗಿಯೂ ಅವನಿಗೆ ಆಗಲ್ಲ.

ನೀವು ಯಾರನ್ನ ಆರಿಸಿದ್ರಿ, ಮತ್ತೆ ಬೆಟ್ಟದ ಹಳ್ಳಿಗೆ ಒಂದ್ಸಲವಾದ್ರೂ ಹೋಗಿ ನೋಡಿದ್ರಾ? ಕಾಮೆಂಟ್‌ನಲ್ಲಿ ಹೇಳೋಕೆ ಮುಜುಗರ ಆದ್ರೆ ಮೆಸೇಜ್ ಮಾಡಿ, ಯಾರ ಹೆಸರನ್ನೂ ಹಾಕಲ್ಲ.